ಒಳ್ಳೆ ಬಿಸಿಲಿಗೇ ಸೋಲಾರ್ ಆಫ್!

ಪ್ರಶ್ನೆ: ಮಾಡಿನ ಮೇಲೆ ಸೋಲಾರ್ ಹಾಕಿಸಿದ್ದೇವೆ. ಮಧ್ಯಾಹ್ನವೇ ಇನ್ವರ್ಟರ್ ಆಫ್ ಆಗುತ್ತದೆ, ಮತ್ತೆ ತಾನೇ ಆನ್ ಆಗುತ್ತದೆ. ಪ್ಯಾನಲ್ ಹಾಳಾಯಿತಾ?
– ಓದುಗರು, ಬದಿಯಡ್ಕ

ಉತ್ತರ: ಪ್ಯಾನಲನ್ನು ಸುಮ್ನೆ ಬೈಯಬೇಡಿ. ಆಫ್ ಆಗುವ ಹೊತ್ತಿಗೆ ಇನ್ವರ್ಟರಿನಲ್ಲಿ ವೋಲ್ಟೇಜ್ ನೋಡಿ. 230 ಇರಬೇಕಾದದ್ದು 253 ದಾಟಿದರೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಲೇಬೇಕು, ನಿಯಮವೇ ಹಾಗೆ. ಮನೆಯಲ್ಲಿ ಖರ್ಚಾಗದ ಕರೆಂಟು ಉದ್ದದ ಲೈನಿನಲ್ಲಿ ಟ್ರಾನ್ಸ್‌ಫಾರ್ಮರಿನ ಕಡೆಗೆ ಹರಿಯುವಾಗ ನಿಮ್ಮ ತುದಿಯಲ್ಲಿ ವೋಲ್ಟೇಜ್ ಏರುತ್ತದೆ, ತಂತಿ ತೆಳುವಾದಷ್ಟೂ ಜಾಸ್ತಿ. ತೋಟದ ಪಂಪು ಅದೇ ಮೀಟರಿನದ್ದಾದರೆ ಹನ್ನೆರಡು ಗಂಟೆಗೆ ಹಾಕಿ ನೋಡಿ, ಅಡಿಕೆಗೂ ನೀರಾಯಿತು ಅಲ್ವಾ? ಇನ್ವರ್ಟರಿನಿಂದ ಮೀಟರಿಗೆ ದಪ್ಪ ಕೇಬಲ್ ಎಳೆಸಿ. ಆಮೇಲೂ ಏರಿದರೆ ಇನ್ವರ್ಟರಿನಲ್ಲಿ ಕಾಣುವ ವೋಲ್ಟೇಜಿನ ಫೋಟೋ ಸಮೇತ ಕರೆಂಟಿನವರ ಸೆಕ್ಷನ್ ಆಫೀಸಿಗೆ ಬರೆದು ಕೊಡಿ. ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ವೋಲ್ಟೇಜ್ ಹೊಂದಿಸುವ ಸ್ವಿಚ್ಚು) ಅವರು ಬದಲಿಸಿ ವೋಲ್ಟೇಜ್ ತಗ್ಗಿಸಬಹುದು. 'ಇನ್ವರ್ಟರಿನ 253ರ ಲಿಮಿಟ್ ಏರಿಸಿ ಕೊಡುತ್ತೇನೆ' ಅನ್ನುವವರನ್ನು ಮಾತ್ರ ನಂಬಬೇಡಿ, ಫ್ರಿಜ್ಜು ಟೀವಿ ಸುಟ್ಟರೆ ಅವರು ಬರುವುದಿಲ್ಲ.