ವಿದೇಶಾಂಗ ಸಚಿವರ ಉತ್ತರದಲ್ಲಿ ನಮ್ಮ ಜಿಲ್ಲೆಗೇನಿದೆ? ಓದುಗರ ಪ್ರಶ್ನೆಗಳು

ರಷ್ಯಾ ಸೇನೆಯಲ್ಲಿ ಸಿಕ್ಕಿಬಿದ್ದ ಭಾರತೀಯರ ಬಗ್ಗೆ ವಿದೇಶಾಂಗ ಸಚಿವರು ಲೋಕಸಭೆಯಲ್ಲಿ ಕೊಟ್ಟ ಉತ್ತರದ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ತುಂಬಾ ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಕೆಲವರು ಮನೆಯ ವಿಷಯ ಬರೆದಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ, ಊರಷ್ಟೇ ಇದೆ.

ಆ ಉತ್ತರದಲ್ಲಿ ನಿಜವಾಗಿ ಏನಿತ್ತು ಸರ್? ನಮ್ಮೂರ ಹುಡುಗರ ಹೆಸರು ಬಂತಾ? — ಕಲಬುರಗಿ

ಹೆಸರು ಬರಲಿಲ್ಲ. ಜಿಲ್ಲೆವಾರು ಲೆಕ್ಕವೂ ಇರಲಿಲ್ಲ. 2024ರ ಆಗಸ್ಟ್ 9ರಂದು ಎಸ್. ಜೈಶಂಕರ್ ಹೇಳಿದ ಲೆಕ್ಕ ಇದು: ರಷ್ಯಾ ಸೇನೆಗೆ ಸೇರಿಸಿಕೊಂಡ ಭಾರತೀಯರು 91, ತೀರಿಕೊಂಡವರು 8, ಬಿಡುಗಡೆಯಾದವರು 14, ಬಿಡುಗಡೆಗೆ ಕಾಯುತ್ತಿರುವವರು 69. ಇಂಥ ಉತ್ತರ ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ಅಂಕಿ ಕೂಡಿಸಿ ನೋಡುವುದು. ಇಲ್ಲಿ ಮೂರೂ ಕೂಡಿದರೆ 91 ಆಗುತ್ತದೆ, ಅಂದರೆ ಅವತ್ತಿಗೆ ಸರ್ಕಾರಕ್ಕೆ ಗೊತ್ತಿದ್ದ ಯಾರನ್ನೂ ಲೆಕ್ಕದಿಂದ ಬಿಟ್ಟಿಲ್ಲ. ಆದರೆ ಸರ್ಕಾರಕ್ಕೆ ಗೊತ್ತೇ ಆಗದವರು ಈ 91ರ ಒಳಗೆ ಬರುವುದಿಲ್ಲ. ಮಗ ಫೋನ್ ಎತ್ತುತ್ತಿಲ್ಲ ಎಂದು ಮನೆಯವರು ದೂರು ಕೊಡದೆ ಸುಮ್ನೆ ಕೂತರೆ ಅವನು ಯಾವ ಲೆಕ್ಕದಲ್ಲೂ ಇರುವುದಿಲ್ಲ. ರಷ್ಯಾ ಸೇನೆಯಲ್ಲಿ ಸಿಕ್ಕಿಬಿದ್ದ ಕಲಬುರಗಿ ಹುಡುಗರ ಮನೆಯವರು ಸುಮ್ಮನಿರಲಿಲ್ಲ. ಸಂಬಂಧಪಟ್ಟವರಿಗೆಲ್ಲ ಹೇಳಿದರು, ಪತ್ರಿಕೆಯವರ ಮುಂದೆ ಮಾತಾಡಿದರು, ವಿಷಯ ದೆಹಲಿ ಮುಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಆ ಹುಡುಗರು ಊರಿಗೆ ಬಂದರು.

ಅದೇ ಉತ್ತರದಲ್ಲಿ ಇನ್ನೆರಡು ವಿಷಯ ಇತ್ತು. ಏಜೆಂಟರೂ ಸಂಸ್ಥೆಗಳೂ ಸೇರಿ 19 ಮಂದಿಯ ಮೇಲೆ ಸಿಬಿಐ ಕೇಸು ಹಾಕಿದೆ ಎಂಬುದು ಒಂದು. ಈ ಜನ ತಾವಾಗಿಯೇ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ ಎಂದು ರಷ್ಯಾದವರು ಹೇಳುತ್ತಾರೆ, ಆದರೆ ಹಲವರಿಗೆ ಬೇರೆ ಕೆಲಸ ಅಂತ ಹೇಳಿ ಮೋಸ ಮಾಡಲಾಗಿದೆ ಎಂಬುದು ಇನ್ನೊಂದು. ಎರಡನೆಯದು ನಮಗೆ ತುಂಬಾ ಮುಖ್ಯ. ಓದಲು ಬಾರದ ಭಾಷೆಯ ಕಾಗದಕ್ಕೆ ಹಾಕಿದ ಒಂದು ಸಹಿ, ಎರಡು ದೇಶಗಳ ನಡುವಿನ ಮಾತುಕತೆಯಲ್ಲಿ ನಮ್ಮವರ ವಿರುದ್ಧವೇ ನಿಲ್ಲುತ್ತದೆ.

ನಮ್ಮ ಸಂಸದರು ಪ್ರಶ್ನೆ ಕೇಳಿದರೂ ಸಚಿವರು ಎದ್ದು ನಿಂತು ಉತ್ತರ ಕೊಡಲಿಲ್ಲ, ಕಾಗದ ಕೊಟ್ಟರಂತೆ. ಇದು ಅವಮಾನ ಅಲ್ವಾ? — ಆಳಂದ

ಅವಮಾನ ಅಲ್ಲ, ಪದ್ಧತಿಯೇ ಹಾಗಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಲ್ಲಿ ಉತ್ತರ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಗುರುತಿಲ್ಲದ ಪ್ರಶ್ನೆಗೆ ಬರಹದ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ ಗುರುತಿನ ಪ್ರಶ್ನೆ 20, ಗುರುತಿಲ್ಲದವು 230. ರಾಜ್ಯಸಭೆಯಲ್ಲಿ 15 ಮತ್ತು 160. ಯಾರ ಪ್ರಶ್ನೆ ಮೇಲೆ ಬರಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ, ಪಕ್ಷ ನೋಡುವುದಿಲ್ಲ. ಪ್ರಶ್ನೆಯನ್ನು 15 ದಿನ ಮೊದಲೇ ಕೊಟ್ಟಿರಬೇಕು. ಆ 20ರಲ್ಲೂ ಬಾಯಲ್ಲಿ ಉತ್ತರ ಸಿಗುವುದು ಮೊದಲ ಕೆಲವಕ್ಕೆ ಮಾತ್ರ, ಏಕೆಂದರೆ ಪ್ರಶ್ನೋತ್ತರ ಕಲಾಪ ಇರುವುದೇ ಒಂದು ತಾಸು. ಅದೂ ಗದ್ದಲ ಇಲ್ಲದಿದ್ದರೆ! ಸದನದ ಬಾವಿಗಿಳಿದು ಆ ತಾಸನ್ನು ಹಾಳುಮಾಡುವವರು ಯಾವ ಪಕ್ಷದವರೇ ಆಗಲಿ, ನಮ್ಮ ಪ್ರಶ್ನೆಯನ್ನೇ ಕೊಂದಂತೆ ಎಂದು ನಾನು ನಂಬಿದ್ದೇನೆ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೊರೋನಾ ಕಾರಣಕ್ಕೆ ಆ ತಾಸೇ ಇರಲಿಲ್ಲ, ಬರಹದ ಉತ್ತರ ಮಾತ್ರ ಇತ್ತು.

ಬರಹದ ಉತ್ತರವನ್ನು ಕೀಳಾಗಿ ನೋಡಬೇಡಿ. ವರ್ಷವಾರು, ದೇಶವಾರು ಪಟ್ಟಿ ಜಾಸ್ತಿ ಸಿಗುವುದು ಅದರಲ್ಲೇ. ಹೆಚ್ಚಾಗಿ ಅದು ರಾಜ್ಯ ಖಾತೆ ಸಚಿವರ ಹೆಸರಲ್ಲಿ ಬರುತ್ತದೆ, ಆದರೂ ಇಡೀ ಇಲಾಖೆ ಅದಕ್ಕೆ ಬದ್ಧ.

ಅಂದಹಾಗೆ, ಆಳಂದದವರೇ, ನಿಮ್ಮ ಜಿಲ್ಲೆ ಕಲಬುರಗಿ ಆದರೂ ಲೋಕಸಭಾ ಕ್ಷೇತ್ರ ಬೀದರ್. ಚಿಂಚೋಳಿಯೂ ಅಷ್ಟೇ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೆ ಬರುತ್ತದೆ. ಯಾದಗಿರಿ, ಶಹಾಪುರ, ಸುರಪುರದವರು ರಾಯಚೂರು ಸಂಸದರ ಹತ್ತಿರ ಹೋಗಬೇಕು. ಪತ್ರ ತಪ್ಪು ಕಚೇರಿಗೆ ಹೋಗಿ ಅಲ್ಲೇ ಕೂರಬಾರದು ಅಂತ ಹೇಳಿದೆ.

ಯಾವ ಉತ್ತರ ನೋಡಿದರೂ "ಸರ್ಕಾರ ಗಮನಿಸುತ್ತಿದೆ", "ಸಂಪರ್ಕದಲ್ಲಿದ್ದೇವೆ" ಅಂತಲೇ ಇರುತ್ತದೆ. ಓದಿ ಏನು ಲಾಭ? — ಬೀದರ್

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಎರಡು ಥರದ ಉತ್ತರವನ್ನು ಬೇರೆ ಮಾಡಿ ನೋಡಿ.

ಬೇರೆ ದೇಶದ ಜೊತೆ ಮಾತುಕತೆ ನಡೆದಿರುವಾಗ ಸಚಿವರು ಎಲ್ಲವನ್ನೂ ಹೇಳುವುದಿಲ್ಲ. ಆ ಉತ್ತರವನ್ನು ನಾವಷ್ಟೇ ಓದುವುದಿಲ್ಲ, ದೆಹಲಿಯಲ್ಲಿರುವ ಆ ದೇಶದ ರಾಯಭಾರಿಯೂ ಅವತ್ತೇ ಓದುತ್ತಾರೆ. ಲೋಕಸಭೆಯ ನಿಯಮದಲ್ಲೂ ಸ್ನೇಹದಲ್ಲಿರುವ ದೇಶದ ಬಗ್ಗೆ ಅಗೌರವದ ಮಾತು ಪ್ರಶ್ನೆಯಲ್ಲಿ ಇರಬಾರದು, ಗುಟ್ಟಿನ ವಿಷಯ ಕೇಳಬಾರದು ಎಂದಿದೆ. ಕೆಲವೊಮ್ಮೆ ಸಚಿವರು ಯಾರೂ ಕೇಳದೆ ತಾವಾಗಿ ಹೇಳಿಕೆ ಕೊಡುತ್ತಾರೆ. 2024ರ ಅಕ್ಟೋಬರ್ 21ರಂದು ಪೂರ್ವ ಲಡಾಖ್ ಗಡಿಯ ದೆಪ್ಸಾಂಗ್, ದೆಮ್‌ಚೋಕ್‌ನಲ್ಲಿ ಸೇನೆಯ ಗಸ್ತಿನ ಬಗ್ಗೆ ಚೀನಾ ಜೊತೆ ಆದ ಒಪ್ಪಂದವನ್ನು ಡಿಸೆಂಬರ್ 3ರಂದು ಲೋಕಸಭೆಗೆ ತಿಳಿಸಿದ್ದು ಹೀಗೆ. ಅಂಥ ಹೇಳಿಕೆ ಕೊಟ್ಟಾಗ ಲೋಕಸಭೆಯಲ್ಲಿ ಪ್ರಶ್ನೆ ಕೇಳುವಂತಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಗಡಿಯಲ್ಲಿ ಮಕ್ಕಳನ್ನು ಕಳೆದುಕೊಂಡ ದೇಶಕ್ಕೆ ಒಂದೆರಡು ಪ್ರಶ್ನೆಗಾದರೂ ಅವಕಾಶ ಬೇಕು.

ಇಲಾಖೆಯ ಆಡಳಿತದ ಪ್ರಶ್ನೆಗೆ ಮಾತ್ರ ಆ ನೆಪ ನಡೆಯುವುದಿಲ್ಲ. ಎಷ್ಟು ದೂರು ಬಂತು, ಎಷ್ಟು ಮುಗಿಯಿತು, ಎಷ್ಟು ಹುದ್ದೆ ಖಾಲಿ, ಎಷ್ಟು ಖರ್ಚು: ಇದೆಲ್ಲ ಕಡತದಲ್ಲೇ ಇರುತ್ತದೆ. ಅಮೆರಿಕ ಅಲ್ಲಿ ಅಕ್ರಮವಾಗಿದ್ದ 104 ಭಾರತೀಯರನ್ನು ಕೈಕೋಳ ಹಾಕಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಕಳಿಸಿದ ಮರುದಿನ, 2025ರ ಫೆಬ್ರವರಿ 6ರಂದು, ಜೈಶಂಕರ್ ರಾಜ್ಯಸಭೆಯಲ್ಲಿ 2009ರಿಂದ ವಾಪಸ್ ಬಂದವರ ವರ್ಷವಾರು ಲೆಕ್ಕ ಕೊಟ್ಟರು. 2009ರಲ್ಲಿ 734, 2019ರಲ್ಲಿ 2,042. ಕೈಕೋಳ ಹಾಕಿದ್ದು ಸರಿಯೋ ತಪ್ಪೋ ಎಂಬ ಜಗಳ ಬೇರೆ. ಆದರೆ ಲೆಕ್ಕ ಸದನದ ದಾಖಲೆಗೆ ಬಂತು, ಮುಂದೆ ಯಾರು ಬೇಕಾದರೂ ಅದನ್ನು ಹಿಡಿದು ಕೇಳಬಹುದು.

ಓದುವಾಗ ಇನ್ನೊಂದನ್ನು ನೋಡಿ. ಪ್ರಶ್ನೆಯಲ್ಲಿ ಎ, ಬಿ, ಸಿ, ಡಿ ಅಂತ ಭಾಗ ಇರುತ್ತದೆ. ಉತ್ತರದಲ್ಲಿ "ಎ ಯಿಂದ ಡಿ" ಎಂದು ಒಂದೇ ಪ್ಯಾರಾದಲ್ಲಿ ಮುಗಿಸಿದ್ದರೆ, ಪ್ರಶ್ನೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಭಾಗಕ್ಕೆ ಉತ್ತರ ಸಿಕ್ಕಿದೆಯಾ ಹುಡುಕಿ. ಕಳೆದುಹೋದ ಭಾಗವೇ ಹೆಚ್ಚಾಗಿ ಮುಖ್ಯವಾದದ್ದು. ಹಾಗೆಯೇ "ಸರ್ಕಾರ ಏನು ಕ್ರಮ ಕೈಗೊಂಡಿದೆ" ಎಂದು ಸುಮ್ನೆ ಕೇಳಿದರೆ ಸುಮ್ನೆ ಉತ್ತರವೇ ಬರುತ್ತದೆ. ಯಾವ ದೇಶ, ಯಾವ ವರ್ಷ, ಯಾವ ರಾಜ್ಯದವರು ಎಂದು ಬಿಡಿಸಿ ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ.

ನನ್ನ ತಮ್ಮ ಸೌದಿಯಲ್ಲಿದ್ದಾನೆ. ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾನೆ, ಪಗಾರ ಸರಿಯಾಗಿ ಕೊಡುತ್ತಿಲ್ಲ. ಸಂಸದರಿಗೆ ಹೇಳಿ ಸದನದಲ್ಲಿ ಪ್ರಶ್ನೆ ಹಾಕಿಸಬೇಕಾ? — ಹುಮನಾಬಾದ್

ಅಕ್ಕಾ, ಈಗ ಪ್ರಶ್ನೆ ಬೇಡ. ಅಧಿವೇಶನ ಶುರುವಾಗಿ, ಚೀಟಿ ಬಂದು, ಉತ್ತರ ಸಿಗುವವರೆಗೆ ನಿಮ್ಮ ತಮ್ಮ ಕಾಯುವ ಹಾಗಿಲ್ಲ. ಇವತ್ತೇ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ. 2015ರಿಂದ ಇರುವ ವ್ಯವಸ್ಥೆ ಇದು, ಇಲ್ಲಿರುವ ಮನೆಯವರೇ ದೂರು ಕೊಡಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಪ್ರತಿ, ವೀಸಾ, ಕೆಲಸದ ಒಪ್ಪಂದ, ಏಜೆಂಟನಿಗೆ ದುಡ್ಡು ಕೊಟ್ಟ ರಸೀದಿ, ಏನಿದೆಯೋ ಅದನ್ನೆಲ್ಲ ಸೇರಿಸಿ. ಆಮೇಲೆ ಆ ಸಂಖ್ಯೆ ಹಾಕಿ ಸಂಸದರಿಂದ ಸಚಿವರಿಗೆ ನೇರ ಪತ್ರ ಬರೆಸಿ. ಒಬ್ಬರ ಕಷ್ಟಕ್ಕೆ ಪತ್ರವೇ ಬೇಗ ಕೆಲಸ ಮಾಡುತ್ತದೆ. ರಾಯಭಾರ ಕಚೇರಿಯಲ್ಲಿ ಸಂಕಷ್ಟದಲ್ಲಿರುವ ಭಾರತೀಯರಿಗೆಂದೇ 2009ರಿಂದ ಒಂದು ಕಲ್ಯಾಣ ನಿಧಿ ಇದೆ. ಊಟ, ತಂಗುವ ಜಾಗ, ವಾಪಸ್ ಟಿಕೆಟ್‌ಗೆ ಅದನ್ನು ಬಳಸುತ್ತಾರೆ. ತಮ್ಮನಿಗೆ ಅದನ್ನು ಕೇಳಲು ಹೇಳಿ, ನಾಚಿಕೆ ಬೇಡ.

ಇನ್ನು ಹೋಗಬೇಕೆಂದಿರುವವರಿಗೆ: ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ವಲಸೆ ಅನುಮತಿ ಬೇಕಾದ ವರ್ಗಕ್ಕೆ ಬರುತ್ತದೆ. ಅಂಥವರು ಸೌದಿ, ಕುವೈತ್, ಕತಾರ್, ಒಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅನುಮತಿ ಪಡೆಯಲೇಬೇಕು. ಅದರ ಜೊತೆ 10 ಲಕ್ಷ ರೂಪಾಯಿಯ ವಿಮೆ ಇರುತ್ತದೆ. ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸುತ್ತೇನೆ ಎನ್ನುವ ಏಜೆಂಟ್ ನಿಮ್ಮನ್ನು ಈ ಎರಡರಿಂದಲೂ ಹೊರಗೆ ಹಾಕುತ್ತಿದ್ದಾನೆ. ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಎಂದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಅವನು ನೋಂದಾಯಿಸಿದ್ದಾನಾ ಎಂದು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ದಯವಿಟ್ಟು ದುಡ್ಡು ಕೊಡುವ ಮೊದಲೇ ನೋಡಿ.

2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ಅವರಲ್ಲಿ ಆಳಂದ ತಾಲೂಕಿನವರೂ ಒಬ್ಬರು. ಕೆಲಸಗಾರರನ್ನು ಎಂಥ ಕೋಣೆಗಳಲ್ಲಿ ಇಡುತ್ತಾರೆ, ನಮ್ಮ ರಾಯಭಾರ ಕಚೇರಿಯವರು ವರ್ಷದಲ್ಲಿ ಎಷ್ಟು ಸಲ ಹೋಗಿ ನೋಡುತ್ತಾರೆ? ಸದನದಲ್ಲಿ ಮತ್ತೆ ಮತ್ತೆ ಕೇಳಬೇಕಾದದ್ದು ಇದನ್ನು.

ಪಾಸ್‌ಪೋರ್ಟ್ ತಡವಾದರೆ ವಿದೇಶಾಂಗ ಸಚಿವರನ್ನೇ ಕೇಳಬೇಕಾ? — ಯಾದಗಿರಿ

ಅರ್ಧ ಅವರನ್ನು. 1967ರ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಕೊಡುವುದು ಅವರ ಇಲಾಖೆ, ಪೊಲೀಸ್ ಪರಿಶೀಲನೆ ಮಾಡುವುದು ರಾಜ್ಯದ ಪೊಲೀಸರು. ಎಲ್ಲಿ ನಿಂತಿದೆ ನೋಡಿಕೊಂಡು ಕೇಳಿ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ 2017ರಲ್ಲಿ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ನಾನು ಐಎಫ್‌ಎಸ್‌ಗೆ (ಭಾರತೀಯ ವಿದೇಶಾಂಗ ಸೇವೆ) ಓದುತ್ತಿದ್ದೇನೆ. ಇಲಾಖೆಯ ದುಡ್ಡು ಎಲ್ಲಿ ಹೋಗುತ್ತದೆ? ಕನ್ನಡದವರು ಈ ಖಾತೆ ನೋಡಿದ್ದಾರಾ? — ಶಹಾಪುರ

ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿದ್ದರು. ದುಡ್ಡಿನ ವಿಷಯ: 2025-26ರ ಬಜೆಟ್‌ನಲ್ಲಿ ಇಲಾಖೆಗೆ ಸುಮಾರು 20,516 ಕೋಟಿ ರೂಪಾಯಿ ಇತ್ತು. ಅದರಲ್ಲಿ ನೆರೆಹೊರೆ ದೇಶಗಳಿಗೆ ಕೊಡುವ ನೆರವು ದೊಡ್ಡ ಪಾಲು, ಭೂತಾನ್ ಒಂದಕ್ಕೇ 2,150 ಕೋಟಿ. ಇಷ್ಟು ದೊಡ್ಡ ದೇಶಕ್ಕೆ ಐಎಫ್‌ಎಸ್ ಅಧಿಕಾರಿಗಳು ಸುಮಾರು ಸಾವಿರ ಮಂದಿ. ಇದು ಸಾಲದು ಎಂದು ಸಂಸದೀಯ ಸ್ಥಾಯಿ ಸಮಿತಿಯೇ ಹೇಳಿದೆ. ಆ ಸಮಿತಿಯ ವರದಿಗಳನ್ನು ಓದು ತಮ್ಮಾ, ಇಲಾಖೆಯ ಒಳಗಿನ ಕೊರತೆ ಕೋಚಿಂಗ್ ನೋಟ್ಸ್‌ಗಿಂತ ಚೆನ್ನಾಗಿ ಗೊತ್ತಾಗುತ್ತದೆ.

"ಮಾಹಿತಿ ಸಂಗ್ರಹಿಸುತ್ತಿದ್ದೇವೆ, ಸದನದ ಮುಂದೆ ಇಡುತ್ತೇವೆ" ಎಂದು ಹೇಳಿ ಮರೆತುಬಿಟ್ಟರೆ? — ಬಸವಕಲ್ಯಾಣ

ಆ ಮಾತು ಹೇಳಿದ ದಿನವೇ ಅದು ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಪೂರೈಸಬೇಕು. ಆಗದಿದ್ದರೆ ಸಮಯ ಕೇಳಬೇಕು. ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ, ಅದು ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ನೀವು ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕ ಹಾಕಿ ನಿಮ್ಮ ಸಂಸದರಿಗೆ ಬರೆದರೆ ಸಾಕು. ಉತ್ತರಗಳು ಸಂಸತ್ತಿನ ಜಾಲತಾಣದಲ್ಲೂ ಇಲಾಖೆಯ ಜಾಲತಾಣದಲ್ಲೂ ಇಂಗ್ಲಿಷ್, ಹಿಂದಿಯಲ್ಲಿ ಸಿಗುತ್ತವೆ. ಈಚಿನ ಅಧಿವೇಶನಗಳಲ್ಲಿ ಈ ಇಲಾಖೆಯ ಸರದಿ ರಾಜ್ಯಸಭೆಯಲ್ಲಿ ಗುರುವಾರ, ಲೋಕಸಭೆಯಲ್ಲಿ ಶುಕ್ರವಾರ. ಭಾಷೆ ತೊಡಕಾದರೆ ಉತ್ತರದ ಪ್ರತಿಯನ್ನು ನಮಗೆ ಕಳಿಸಿ, ಇದೇ ಅಂಕಣದಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತೇವೆ.