ದುಡ್ಡು ಬಂದು ಕ್ರಿಕೆಟ್ ಕೆಟ್ಟಿತಾ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಶಿವಮೊಗ್ಗದ ಒಂದು ಅಕಾಡೆಮಿಗೆ ಹೋಗುತ್ತಾನೆ. ಅಲ್ಲಿ ಸಿಕ್ಸರ್ ಹೊಡೆಯುವುದನ್ನೇ ಜಾಸ್ತಿ ಮಾಡಿಸುತ್ತಾರೆ. 'ಈಗ ಐಪಿಎಲ್ ಕಾಲ, ಡಿಫೆನ್ಸ್ ಕಲಿತು ಏನು ಮಾಡ್ತೀರಿ' ಅನ್ನುತ್ತಾರೆ ಕೋಚ್. 'ದುಡ್ಡು ಬಂದು ಆಟಾನೇ ಕೆಟ್ಟುಹೋಯ್ತು' ಅಂತ ನಮ್ಮ ತಂದೆಯವರ ಗೊಣಗಾಟ. ಯಾರ ಮಾತು ಸರಿ?

ಉತ್ತರ: ನಿಮ್ಮ ತಂದೆಯವರ ಬೇಸರ ನನಗೂ ಇದೆ. ಆದರೆ ದುಡ್ಡಿಲ್ಲದ ಕಾಲ ಆಟಗಾರರ ಪಾಲಿಗೆ ಸುಖದ ಕಾಲವಾಗಿರಲಿಲ್ಲ. 1983ರಲ್ಲಿ ವಿಶ್ವಕಪ್ ಗೆದ್ದು ಬಂದವರಿಗೆ ಬಹುಮಾನ ಕೊಡಲು ಭಾರತೀಯ ಕ್ರಿಕೆಟ್ ಮಂಡಳಿಯ ಹತ್ತಿರ ಹಣವೇ ಇರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿದರು. ಆ ಕಾರ್ಯಕ್ರಮದ ಹಣದಲ್ಲಿ ತಲಾ ಒಂದು ಲಕ್ಷ ಕೊಟ್ಟರು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದ ನಮ್ಮ ರೋಜರ್ ಬಿನ್ನಿ ಆ ತಂಡದಲ್ಲಿದ್ದರು. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಬೆಂಗಳೂರಿನ ಶಾಂತಾ ರಂಗಸ್ವಾಮಿ ಭಾರತ ತಂಡದ ನಾಯಕಿಯಾಗಿದ್ದ ಕಾಲದಲ್ಲಿ ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಓಡಾಡಿ ಆಡಿದವರು ಅವರು. 2022ರಲ್ಲಿ ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ ಘೋಷಣೆಯಾಯಿತು, ಒಂದು ಟೆಸ್ಟ್‌ಗೆ 15 ಲಕ್ಷ. ನಮ್ಮ ಕರ್ನಾಟಕದ ಸ್ಪಿನ್ನರ್ ಶ್ರೇಯಾಂಕಾ ಪಾಟೀಲ್ 2023ರ ಡಬ್ಲ್ಯುಪಿಎಲ್‌ನಲ್ಲಿ, ಅಂದರೆ ಮಹಿಳೆಯರ ಐಪಿಎಲ್‌ನಲ್ಲಿ, ಕಣ್ಣಿಗೆ ಬಿದ್ದರು, ಅದೇ ವರ್ಷ ಭಾರತಕ್ಕೆ ಆಡಿದರು. ದುಡ್ಡು ಬಾರದಿದ್ದರೆ ಇದು ಆಗುತ್ತಿರಲಿಲ್ಲ.

ಕೆಟ್ಟದ್ದು ಬೇರೆ ಕಡೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ಸುರಿದವರಿಗೆ ಜಾಹೀರಾತು ಬೇಕೇ ಬೇಕು. ಹಾಗಾಗಿ ಆಟದ ಒಳಗೇ ಅದಕ್ಕೆ ಜಾಗ ಮಾಡಿದ್ದಾರೆ. ಒಂದು ಇನಿಂಗ್ಸ್‌ಗೆ ಎರಡು ಟೈಮ್‌ಔಟ್, ಒಂದೊಂದೂ ಎರಡೂವರೆ ನಿಮಿಷ. ಬೌಲರ್ ಲಯ ಹಿಡಿದಿದ್ದಾನೆ, ಬ್ಯಾಟರ್ ತಡಬಡಾಯಿಸುತ್ತಿದ್ದಾನೆ, ಅಷ್ಟರಲ್ಲಿ ಆಟ ನಿಲ್ಲುತ್ತದೆ. ನೀರು ಬರುತ್ತದೆ, ಕೋಚ್ ಒಳಗೆ ಬಂದು ಕಿವಿಯಲ್ಲಿ ಏನೋ ಹೇಳುತ್ತಾರೆ. ಮತ್ತೆ ಶುರುವಾಗುವಾಗ ಬೌಲರ್ ಕಟ್ಟಿದ್ದ ಒತ್ತಡ ಕರಗಿಹೋಗಿರುತ್ತದೆ. 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬೇರೆ ಬಂತು, ಅಂದರೆ ಪಂದ್ಯದ ನಡುವೆ ಒಬ್ಬನನ್ನು ತೆಗೆದು ಇನ್ನೊಬ್ಬ ಬ್ಯಾಟರ್‌ನನ್ನೋ ಬೌಲರ್‌ನನ್ನೋ ಇಳಿಸಬಹುದು. ರನ್ ಹೆಚ್ಚಾಯಿತು, ಆದರೆ ಆಲ್‌ರೌಂಡರ್ ಕೈಗೆ ಚೆಂಡು ಸಿಗುವುದು ಕಡಿಮೆಯಾಯಿತು. ರೋಹಿತ್ ಶರ್ಮಾ ಕೂಡ ತಮಗಿದು ಇಷ್ಟವಿಲ್ಲ ಎಂದು ಬಾಯಿಬಿಟ್ಟೇ ಹೇಳಿದರು.

ನನಗೆ ನಿಜಕ್ಕೂ ಸಂಕಟ ಆಗುವುದು ರಣಜಿ, ಅಂದರೆ ರಾಜ್ಯ ತಂಡಗಳ ನಡುವಿನ ಹಲವು ದಿನದ ಟೂರ್ನಿ, ಆಡುವ ಹುಡುಗರನ್ನು ನೋಡಿದಾಗ. 2021ರಲ್ಲಿ ಶುಲ್ಕ ಏರಿಸಿದ ಮೇಲೂ, ಈಗತಾನೇ ತಂಡಕ್ಕೆ ಬಂದವನಿಗೆ ದಿನಕ್ಕೆ 40,000 ಅಂತ ನಿಗದಿಯಾಯಿತು. ನಾಲ್ಕು ದಿನದ ಏಳು ಲೀಗ್ ಪಂದ್ಯಗಳನ್ನೂ ಆಡಿದರೆ 11 ಲಕ್ಷದ ಚಿಲ್ಲರೆ. 2025ರ ಐಪಿಎಲ್ ಹರಾಜಿನಲ್ಲಿ ಅತಿ ಕಡಿಮೆ ಮೂಲಬೆಲೆಯೇ 30 ಲಕ್ಷ! ಒಂದೂ ಪಂದ್ಯ ಆಡದೆ ಡಗ್‌ಔಟ್‌ನಲ್ಲಿ ಕೂತರೂ ಅದು ಸಿಗುತ್ತದೆ. ಹುಡುಗರು ಯಾವುದಕ್ಕೆ ತಯಾರಾಗುತ್ತಾರೆ ಅಂತ ಬೇರೆ ಹೇಳಬೇಕಾ? ಸಾಲದ್ದಕ್ಕೆ 2024-25ರಲ್ಲಿ ರಣಜಿಯನ್ನೇ ಎರಡು ತುಂಡು ಮಾಡಿ, ನಡುವೆ ಟಿ20 ಮತ್ತು ಏಕದಿನ ಟೂರ್ನಿ ಇಟ್ಟರು. ಒಂದೇ ಜಾಗಕ್ಕೆ ಚೆಂಡು ಹಾಕಿ ಹಾಕಿ ಕೈ ಪಳಗಿಸಿಕೊಳ್ಳುತ್ತಿದ್ದ ಸ್ಪಿನ್ನರ್, ಮಧ್ಯದಲ್ಲೇ ನಾಲ್ಕು ಓವರ್ ತಳ್ಳುವ ಆಟಕ್ಕೆ ಹೋಗಬೇಕು. ಋತುವಿನ ಹೆಚ್ಚಿನ ಟೆಸ್ಟ್‌ಗಳನ್ನು ಆಡಿದವರಿಗೆ ಪಂದ್ಯಕ್ಕೆ 45 ಲಕ್ಷ ಹೆಚ್ಚುವರಿ ಕೊಡುವ ಯೋಜನೆಯನ್ನು ಮಂಡಳಿ 2024ರಲ್ಲಿ ತಂದಿತು. ಒಳ್ಳೆಯ ಕೆಲಸ. ಆದರೆ ಟೆಸ್ಟ್ ಆಟಗಾರ ತಯಾರಾಗುವುದು ರಣಜಿಯಲ್ಲಿ ಅಲ್ವಾ? ಅಲ್ಲಿಗೂ ಆ ದುಡ್ಡು ಇಳಿಯಬೇಕು. ಮಂಡಳಿಗೆ ಅದೇನೂ ಹೊರೆಯಲ್ಲ.

ಈಗ ನಿಮ್ಮ ಮಗನ ವಿಷಯ. ಅವನ ಮುಂದಿನ ಮೆಟ್ಟಿಲು ಯಾವುದು ಅಂತ ಕೋಚ್‌ಗೆ ಗೊತ್ತಿರಬೇಕು. 16 ವರ್ಷದೊಳಗಿನವರ ವಿಜಯ್ ಮರ್ಚಂಟ್ ಟ್ರೋಫಿ ಮೂರು ದಿನದ ಆಟ. 19ರೊಳಗಿನವರ ಕೂಚ್ ಬಿಹಾರ್ ನಾಲ್ಕು ದಿನದ್ದು. ಅಲ್ಲಿ ಎರಡು ಸಿಕ್ಸರ್ ಹೊಡೆದು ಔಟಾಗುವವನಿಗಿಂತ ಒಂದಿಡೀ ಸೆಷನ್, ಅಂದರೆ ಸುಮಾರು ಎರಡು ಗಂಟೆ, ಔಟಾಗದೆ ನಿಲ್ಲುವವನಿಗೆ ಬೆಲೆ ಜಾಸ್ತಿ. ಸಿಕ್ಸರ್ ಕಲಿಯಬೇಡ ಅನ್ನುತ್ತಿಲ್ಲ, ಖಂಡಿತ ಕಲಿಯಲಿ. ಆದರೆ ಹೊಸ ಚೆಂಡನ್ನು ಆಡದೆ ಬಿಡುವುದು, ತಲೆ ಅಲ್ಲಾಡಿಸದೆ ನೇರ ಬ್ಯಾಟಿನಲ್ಲಿ ತಡೆಯುವುದು ಈ ವಯಸ್ಸಿನಲ್ಲೇ ಕೂರಬೇಕು. ವರ್ಷಕ್ಕೆ ಎಷ್ಟು ಎರಡು ದಿನದ ಪಂದ್ಯ ಆಡಿಸುತ್ತೀರಿ ಅಂತ ಅಕಾಡೆಮಿಯವರನ್ನೇ ಕೇಳಿ. ಒಂದೂ ಇಲ್ಲ ಅಂದರೆ ಬೇರೆ ಕಡೆ ಸೇರಿಸಿ.