ಗರ್ನಾಲ್ ಸದ್ದಿಗೆ ತಾಯಿಯನ್ನು ಎಳೆದುಕೊಂಡು ಓಡಿದ ಲೀನಾ

(ಗುರುತು ಸಿಗದ ಹಾಗೆ ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.)

ಉಡುಪಿ, ಮಂಗಳೂರು ಕಡೆಯಿಂದ ಇಸ್ರೇಲಿಗೆ ಹೋದವರು ತುಂಬಾ ಜನ ಇದ್ದಾರೆ. ಹೆಚ್ಚಿನವರ ಕೆಲಸ ಒಂದೇ: ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳುವುದು. ನಾನು ಇಲ್ಲಿ ಲೀನಾ ಅಂತ ಕರೆಯುವವರದೂ ಅದೇ ಕೆಲಸ. ವಯಸ್ಸು 40 ದಾಟಿದೆ. ಮದುವೆಯಾಗಿಲ್ಲ. ಊರಲ್ಲಿ ತಾಯಿ, ಅಣ್ಣ, ಅತ್ತಿಗೆ, ಅಣ್ಣನ ಮಕ್ಕಳು. ಮನೆ ಕಟ್ಟಿದ್ದು, ಅಣ್ಣನ ಮಗಳ ಕಾಲೇಜು ಫೀಸು, ಎಲ್ಲ ಇವರ ದುಡಿಮೆಯಲ್ಲೇ.

2025ರ ಅಕ್ಟೋಬರಿನಲ್ಲಿ ಗಾಜಾದಲ್ಲಿ ಕದನವಿರಾಮ ಆಯಿತು. ಇನ್ನು ಪರವಾಗಿಲ್ಲ ಅಂತ ಲೀನಾ ರಜೆ ಹಾಕಿ ಊರಿಗೆ ಬಂದರು. ಸ್ವಲ್ಪ ದಿನದಲ್ಲೇ ಹತ್ತಿರದ ಸಂಬಂಧಿಕರ ಮನೆಯಲ್ಲಿ ರೋಸ್, ಅಂದರೆ ಮದುವೆಗೆ ಮುಂಚಿನ ಶಾಸ್ತ್ರ, ಇತ್ತು. ಮದುಮಗಳಿಗೆ ತೆಂಗಿನಹಾಲು ಹಚ್ಚುವ ಹೊತ್ತಿಗೆ ಹುಡುಗರು ಅಂಗಳದ ಆಚೆ ಗರ್ನಾಲ್ (ಜೋರು ಸದ್ದಿನ ಪಟಾಕಿ) ಹೊಡೆದರು. ಲೀನಾ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ತಾಯಿಯ ಕೈ ಹಿಡಿದು ಎಳೆದವರೇ ಮೆಟ್ಟಿಲ ಕೆಳಗೆ ಹೋಗಿ ಕೂತುಬಿಟ್ಟರು. ತಾಯಿಗೆ 70 ದಾಟಿದೆ. ಮುಂಗೈ ಉಳುಕಿ ಊದಿಕೊಂಡಿತು. ನೋಡಿದವರಲ್ಲಿ ಕೆಲವರು ನಕ್ಕರಂತೆ. ಆ ನಗು ಲೀನಾಗೆ ಸದ್ದಿಗಿಂತ ಜಾಸ್ತಿ ನಾಟಿತ್ತು.

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದದ್ದು ಅತ್ತಿಗೆ. ಅವರು ಹೇಳಿದ ದೂರುಗಳು ಹೀಗಿದ್ದವು. ರಾತ್ರಿ ನಿದ್ದೆ ಇಲ್ಲ. ಚೂಡಿದಾರದಲ್ಲೇ ಮಲಗುತ್ತಾಳೆ, ಚಪ್ಪಲಿ ಮಂಚದ ಪಕ್ಕವೇ ಬೇಕು. ಪಾಸ್‌ಪೋರ್ಟ್ ಇರುವ ಬ್ಯಾಗ್ ತಲೆದಿಂಬಿನ ಹತ್ತಿರ. ಮಕ್ಕಳು ಬಾಗಿಲು ದಡಾರಂತ ಹಾಕಿದರೆ ಬೈಯುತ್ತಾಳೆ, ಆಮೇಲೆ ಅಳುತ್ತಾಳೆ. ಬಂದ ಮೇಲೆ ಒಂದೇ ಒಂದು ಸಲ ಸರಿಯಾಗಿ ತಲೆಸ್ನಾನ ಮಾಡಿಲ್ಲ.

ಕೊನೆಯದನ್ನು ಅತ್ತಿಗೆ ಸೋಮಾರಿತನದ ಲೆಕ್ಕಕ್ಕೆ ಸೇರಿಸಿದ್ದರು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ.

ಲೀನಾ ಇದ್ದದ್ದು ಅಷ್ಕೆಲೋನ್ ಕಡೆ, ಗಾಜಾ ಗಡಿಗೆ ತೀರಾ ಹತ್ತಿರ. ಅಲ್ಲಿ ಸೈರನ್ ಕೇಳಿದ ಮೇಲೆ ಅಡಗಲು ಸಿಗುವ ಸಮಯ ಸುಮಾರು 30 ಸೆಕೆಂಡ್. ಟೆಲ್ ಅವೀವ್‌ನಲ್ಲಾದರೆ ಒಂದೂವರೆ ನಿಮಿಷ. 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳು ಬಂದಾಗ ಮೊಬೈಲಿಗೆ ಕೆಲವು ನಿಮಿಷ ಮೊದಲೇ ಸೂಚನೆ ಬರುತ್ತಿತ್ತು. ಗಾಜಾದ ರಾಕೆಟ್ಟಿಗೆ ಆ ಸೌಕರ್ಯವೂ ಇರಲಿಲ್ಲ. 1991ರ ಕೊಲ್ಲಿ ಯುದ್ಧದ ನಂತರದ ಕಾನೂನಿನಿಂದಾಗಿ ಅಲ್ಲಿನ ಹೊಸ ಮನೆಗಳಲ್ಲಿ ಒಂದು ಗಟ್ಟಿ ಕಾಂಕ್ರೀಟ್ ಕೋಣೆ ಇರುತ್ತದೆ, ಅದಕ್ಕೆ ಮಮಾದ್ ಅಂತಾರೆ. ಲೀನಾ ನೋಡಿಕೊಳ್ಳುತ್ತಿದ್ದ ಅಜ್ಜಿಯದು ಹಳೇ ಕಟ್ಟಡ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಮಮಾದ್ ಇಲ್ಲ. ಇದ್ದದ್ದು ಮೆಟ್ಟಿಲ ಪಡಸಾಲೆ ಮಾತ್ರ.

ತಲೆಗೆ ಶಾಂಪೂ ಹಾಕಿಕೊಂಡಾಗ ಸೈರನ್ ಆದರೆ ಏನು ಮಾಡುವುದು? ಲೀನಾ ಎರಡು ವರ್ಷ ಈ ಯೋಚನೆಯಲ್ಲೇ ಸ್ನಾನ ಮಾಡಿದ್ದಾರೆ. ಬಾಗಿಲು ಅರ್ಧ ತೆರೆದು, ನೀರು ಸಣ್ಣಗೆ ಬಿಟ್ಟು, ಕಿವಿ ಹೊರಗಿಟ್ಟು. ಊರಿಗೆ ಬಂದ ಮೇಲೂ ಅದೇ ನಡೆದಿತ್ತು. "ಇಲ್ಲಿ ಸೈರನ್ ಇಲ್ಲ ಅಂತ ನನಗೆ ಗೊತ್ತುಂಟು ಮೇಡಂ. ಕೈಗೆ ಗೊತ್ತಿಲ್ಲ. ಮಗ್ಗು ತಲೆ ಹತ್ತಿರ ಬಂದದ್ದೇ ನಿಲ್ತದೆ."

ಎಲ್ಲ ಮುಗಿದ ಮೇಲೆ ಯಾಕೆ ಹೀಗೆ ಅಂತ ಮನೆಯವರು ಕೇಳಿದರು. ಅಲ್ಲಿ ಇರುವಷ್ಟು ದಿನ ಗಟ್ಟಿಯಾಗಿದ್ದವಳು ಇಲ್ಲಿ ಬಂದು ಕುಸಿದಳು ಅಂದರೆ ನಾಟಕ ಅಲ್ವಾ ಅನ್ನುವ ಅನುಮಾನ ಅಣ್ಣನಿಗೆ. ಇದು ತುಂಬಾ ಸಾಮಾನ್ಯ. ಅಲ್ಲಿ ಇರುವಾಗ ಕುಸಿಯುವುದಕ್ಕೆ ಪುರುಸೊತ್ತು ಇರಲಿಲ್ಲ. ಅಪಾಯ ದೂರವಾದ ಮೇಲೆ ಮೈ ತನ್ನ ಲೆಕ್ಕ ತೆಗೆಯುತ್ತದೆ. ಯುದ್ಧದ ಜಾಗದಿಂದ ಬಂದವರಲ್ಲಿ ಹೆಚ್ಚಿನವರಿಗೆ ಬೆಚ್ಚಿ ಬೀಳುವುದು, ನಿದ್ದೆಗೇಡು ಸ್ವಲ್ಪ ಕಾಲ ಇದ್ದು ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಕೆಟ್ಟ ಕನಸು, ತಪ್ಪಿಸಿಕೊಂಡು ಓಡಾಡುವುದು, ಸದಾ ಕಾವಲು ಕಾಯುವ ಸ್ಥಿತಿ ಉಳಿದು ದಿನದ ಕೆಲಸಕ್ಕೆ ಅಡ್ಡ ಬಂದರೆ ಆಗ ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಅಂತ ಯೋಚಿಸುತ್ತೇವೆ. ಲೀನಾ ಅವರದು ಆ ಗೆರೆ ದಾಟಿತ್ತು. ಮನೋವೈದ್ಯರ ಹತ್ತಿರ ಕಳಿಸಿದೆ. ಸಂಬಂಧಿಕರೊಬ್ಬರು ತಮ್ಮ ಹತ್ತಿರ ಇದ್ದ ನಿದ್ದೆ ಮಾತ್ರೆ ಕೊಟ್ಟಿದ್ದರು, ಲೀನಾ ದಿನಾ ತಗೊಳ್ಳುತ್ತಿದ್ದರು. ಅದು ಚಟ ಹಿಡಿಸುವ ಮಾತ್ರೆ, ಈ ತೊಂದರೆಗೆ ಒಳ್ಳೆಯ ದಾರಿಯೂ ಅಲ್ಲ. ವೈದ್ಯರು ನಿಧಾನವಾಗಿ ಅದನ್ನು ಬಿಡಿಸಿ ಬೇರೆ ಔಷಧ ಶುರು ಮಾಡಿದರು. ಇನ್ನೊಬ್ಬರ ನಿದ್ದೆ ಮಾತ್ರೆ ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನಿ.

ಮೊದಲ ಭೇಟಿಗಳಲ್ಲಿ ಯುದ್ಧದ ವಿಷಯ ನಾನಾಗಿ ಕೇಳಲಿಲ್ಲ. ಆದದ್ದನ್ನೆಲ್ಲಾ ಒಂದೇ ಸಲ ಹೇಳಿಸಿ ಅಳಿಸಿಬಿಟ್ಟರೆ ಹಗುರಾಗುತ್ತದೆ ಅಂತ ಬಹಳ ಜನ ನಂಬುತ್ತಾರೆ. ಹಾಗೆ ಒತ್ತಾಯ ಮಾಡಿ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅನ್ನುತ್ತದೆ. ನಾವು ಮಾತಾಡಿದ್ದು ಊಟ, ನಿದ್ದೆ, ಸ್ನಾನ. ಸ್ನಾನದಿಂದಲೇ ಶುರು ಮಾಡಿದೆವು. ರಾತ್ರಿ ಬೇಡ, ಮಧ್ಯಾಹ್ನ. ತಾಯಿ ಬಚ್ಚಲಿನ ಹೊರಗೆ ಸ್ಟೂಲು ಹಾಕಿಕೊಂಡು ಕೂರಬೇಕು, ಏನಾದರೂ ಮಾತಾಡುತ್ತಿರಬೇಕು. ಮೊದಲು ತಲೆಗೆ ಬರೀ ನೀರು. ಅದು ಸಲೀಸಾದ ಮೇಲೆ ಶಾಂಪೂ, ಒಂದು ಸಲಕ್ಕೆ ಅರ್ಧ ತಲೆಗಾದರೂ ಸರಿ. ನಗು ಬರಬಹುದು, ಆದರೆ ಲೀನಾಗೆ ರಾತ್ರಿ ನಿದ್ದೆ ಸ್ವಲ್ಪ ಹತ್ತಿದ್ದು ತಲೆಸ್ನಾನ ಪೂರ್ತಿ ಆದ ವಾರದಲ್ಲೇ.

ಮೊಬೈಲಿನ ವಿಷಯದಲ್ಲಿ ಸಣ್ಣ ಜಗಳವೇ ಆಯಿತು. ಅಪಾಯದ ಸೂಚನೆ ಕೊಡುವ ಆ್ಯಪ್ ಊರಿಗೆ ಬಂದ ಮೇಲೂ ಅವರ ಫೋನಿನಲ್ಲಿ ಚಾಲೂ ಇತ್ತು. ಕದನವಿರಾಮ ಇದ್ದರೂ ಯಾವತ್ತು ಏನೋ ಅಂತ ಕಿವಿ ಅದರ ಮೇಲೇ. ತೆಗೆದುಬಿಡಿ ಅಂದೆ. "ಅಜ್ಜಿ ಅಲ್ಲೇ ಇದ್ದಾರಲ್ಲ, ಎಂತ ತೆಗೆಯುದು?" ಅಂದರು. ನ್ಯಾಯವಾದ ಮಾತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಆ್ಯಪ್ ಇರಲಿ, ಸದ್ದು ಬೇಡ. ರಾತ್ರಿ ಫೋನ್ ತಾಯಿಯ ಕೋಣೆಯಲ್ಲಿ. ಅಜ್ಜಿಗೆ ದಿನಾ ಸಂಜೆ ಒಂದೇ ಹೊತ್ತಿಗೆ ಕರೆ ಮಾಡುವುದು, ಬದಲಿಗೆ ಇರುವ ಹುಡುಗಿಯ ಹತ್ತಿರ ಆರೋಗ್ಯ ವಿಚಾರಿಸುವುದು. ಟಿವಿಯಲ್ಲಿ ಬಾಂಬು ಬೀಳುವ ದೃಶ್ಯ ಮತ್ತೆ ಮತ್ತೆ ಹಾಕುವ ಚಾನೆಲ್ ಬಂದ್. ಇದನ್ನು ಅಣ್ಣನಿಗೆ ಹೇಳಿದೆ. ಅವರಿಗೆ ಅದು ಎಲ್ಲಕ್ಕಿಂತ ಕಷ್ಟದ ಸಲಹೆ ಆಗಿತ್ತು ಅಂತ ಕಾಣುತ್ತದೆ.

ಗರ್ನಾಲ್‌ಗೆ ಬೇರೆ ಯೋಜನೆ ಬೇಕಿತ್ತು. ಕರಾವಳಿಯಲ್ಲಿ ಚಳಿಗಾಲ ಅಂದರೆ ಇಗರ್ಜಿ ಹಬ್ಬ, ದೇವಸ್ಥಾನದ ಜಾತ್ರೆ, ಭೂತದ ನೇಮ, ಮದುವೆ. ಸದ್ದಿಲ್ಲದ ವಾರ ಇಲ್ಲ. ಎಲ್ಲಾ ಕಡೆ ತಪ್ಪಿಸಿಕೊಂಡರೆ ಹೆದರಿಕೆ ಇನ್ನೂ ದೊಡ್ಡದಾಗುತ್ತದೆ. ಹಾಗಂತ ಹಠಾತ್ತಾಗಿ ಹೊಡೆದು ಅಭ್ಯಾಸ ಮಾಡಿಸುತ್ತೇವೆ ಅನ್ನುವ ಭಾವಂದಿರ ಚಿಕಿತ್ಸೆಯೂ ಬೇಡ. (ಒಬ್ಬರು ಮಾಡಿಯೇಬಿಟ್ಟಿದ್ದರು.) ಅತ್ತಿಗೆಗೆ ಹಬ್ಬದ ಸಮಿತಿಯವರ ಪರಿಚಯ ಇತ್ತು. ಎಷ್ಟು ಹೊತ್ತಿಗೆ ಹೊಡೆಯುತ್ತಾರೆ ಅಂತ ಮೊದಲೇ ಕೇಳಿಟ್ಟರು. ಅದಕ್ಕೂ ಮುಂಚೆ ನನ್ನ ಕೋಣೆಯಲ್ಲಿ ಗರ್ನಾಲ್ ಸದ್ದಿನ ರೆಕಾರ್ಡಿಂಗ್ ತೀರಾ ಸಣ್ಣಗೆ ಹಾಕಿ ಕೇಳಿದೆವು. ಕೇಳುವಾಗ ಕಾಲು ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಬೇಕು: ಫ್ಯಾನು, ಕ್ಯಾಲೆಂಡರ್, ನೀಲಿ ಬಾಟಲಿ. ಉಸಿರು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು. ಆಮೇಲೆ ಸ್ವಲ್ಪ ಜೋರಾಗಿ. ಹಬ್ಬದ ದಿನ ಇಗರ್ಜಿಯಿಂದ ದೂರ, ಗದ್ದೆ ಬದುವಿನಲ್ಲಿ ಅತ್ತಿಗೆಯ ಜೊತೆ ನಿಂತು ಕೇಳಿದರು. ಮೈ ನಡುಗಿತು, ಓಡಲಿಲ್ಲ. ನನಗೆ ಅಷ್ಟು ಸಾಕಿತ್ತು.

ಇಷ್ಟಾದ ಮೇಲೆ ಅವರಾಗಿಯೇ ಒಂದು ರಾತ್ರಿಯ ವಿಷಯ ತೆಗೆದರು. ಕನ್ನಡದಲ್ಲಿ ಶುರು ಮಾಡಿ ಮಧ್ಯದಲ್ಲಿ ಕೊಂಕಣಿಗೆ ಹೋಗಿಬಿಟ್ಟರು.

2023ರ ಅಕ್ಟೋಬರ್ 7ರ ಶನಿವಾರ ಬೆಳಿಗ್ಗೆ ಆರೂವರೆಗೆ ಶುರುವಾದ ಸೈರನ್ ಆಮೇಲೆ ದಿನಾ ಎಷ್ಟು ಸಲ ಆಯಿತು ಅಂತ ಲೆಕ್ಕ ಇಲ್ಲ. ಅಜ್ಜಿಗೆ ನಡೆಯಲು ಆಗುವುದಿಲ್ಲ. ಹಗಲಾದರೆ ಗಾಲಿಕುರ್ಚಿ ತಳ್ಳಿಕೊಂಡು ಪಡಸಾಲೆಗೆ ಹೋಗುತ್ತಿದ್ದರು. ರಾತ್ರಿ ಹೊತ್ತು ಅದು ಆಗುತ್ತಿರಲಿಲ್ಲ. ಹಾಗಾಗಿ ಅಜ್ಜಿಯ ಮಂಚದ ಪಕ್ಕವೇ ನೆಲದಲ್ಲಿ ಮಲಗಿ, ಸೈರನ್ ಆದಾಗ ಅಜ್ಜಿಯ ಮೇಲೆ ದಿಂಬು ಇಟ್ಟು ತಾನೂ ಬಾಗುತ್ತಿದ್ದರು. ಒಂದು ರಾತ್ರಿ ಮಾತ್ರ ಕಾಲು ಕೇಳಲಿಲ್ಲ. ಎಚ್ಚರ ಆದಾಗ ಅವರು ಪಡಸಾಲೆಯಲ್ಲಿ ಇದ್ದರು. ಅಜ್ಜಿ ಒಳಗೆ, ಮಂಚದ ಮೇಲೆ. ರಾಕೆಟ್ ಬೇರೆಲ್ಲೋ ಬಿತ್ತು. ಒಳಗೆ ಹೋದಾಗ ಅಜ್ಜಿ ಏನೂ ಅನ್ನಲಿಲ್ಲ, ಚಹಾ ಮಾಡಿಕೊಡು ಅಂದರು. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ.

ಇದನ್ನು ಲೀನಾ ಯಾರಿಗೂ ಹೇಳಿರಲಿಲ್ಲ. ಮನೆಗೆ ಮಾಡುವ ವಿಡಿಯೋ ಕಾಲ್‌ನಲ್ಲಂತೂ ಯುದ್ಧದ ಸುಳಿವೇ ಇರುತ್ತಿರಲಿಲ್ಲ. ಬಿಳಿ ಗೋಡೆಗೆ ಬೆನ್ನು ಹಾಕಿ ಕೂರುವುದು, ಸೈರನ್ ಆದರೆ ಅಜ್ಜಿ ಕರೀತಿದ್ದಾರೆ ಅಂತ ಕಟ್ ಮಾಡುವುದು. 2023ರ ಅಕ್ಟೋಬರ್ 12ರಿಂದ ಭಾರತೀಯರನ್ನು ವಾಪಸ್ ಕರೆತರುವ ಸರ್ಕಾರದ ಆಪರೇಷನ್ ಅಜಯ್ ವಿಮಾನಗಳು ಹಾರಿದಾಗಲೂ ಬರಲಿಲ್ಲ. ಏಜೆಂಟಿಗೆ ಕೊಡಲು ಮಾಡಿದ ಸಾಲ ಬಾಕಿ ಇತ್ತು, ಅಜ್ಜಿಗೆ ಬೇರೆ ಜನ ಇರಲಿಲ್ಲ.

"ನೀವು ತಪ್ಪು ಮಾಡಿಲ್ಲ" ಅಂತ ನಾನು ಹೇಳಲಿಲ್ಲ. ಅದು ಸುಲಭದ ಮಾತು, ಅವರು ನಂಬುತ್ತಲೂ ಇರಲಿಲ್ಲ. ಕೆಲಸದ ವಿಷಯ ಕೇಳಿದೆ. ಮಲಗಿದ ರೋಗಿಯನ್ನು ಎಬ್ಬಿಸಿ ಗಾಲಿಕುರ್ಚಿಗೆ ಕೂರಿಸಲು ಎಷ್ಟು ಹೊತ್ತು ಬೇಕು? ಕಸುಬು ಬಲ್ಲವರು, ತಡೆಯದೆ ಹೇಳಿದರು: ಮಗ್ಗುಲಾಗಿಸಬೇಕು, ಕಾಲು ಕೆಳಗೆ ಬಿಡಿಸಬೇಕು, ತಲೆ ತಿರುಗುತ್ತದಾ ಅಂತ ನೋಡಬೇಕು, ಬ್ರೇಕ್ ಹಾಕಬೇಕು, ಸೊಂಟ ಹಿಡಿದು ಎತ್ತಬೇಕು. ಒಂದು ನಿಮಿಷವಂತೂ ಬೇಕೇ ಬೇಕು. ಎಷ್ಟು ಸೆಕೆಂಡ್ ಇತ್ತು ಅಂತ ನಾನು ಕೇಳಬೇಕಾಗಿ ಬರಲಿಲ್ಲ. ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಪಕ್ಕದಲ್ಲಾದ್ರೂ ಕೂರಬಹುದಿತ್ತು" ಅಂದರು. ಹೌದು, ಕೂರಬಹುದಿತ್ತು. ಉಳಿದ ರಾತ್ರಿಗಳೆಲ್ಲ ಕೂತಿದ್ದರು ಕೂಡ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ ಅಂದೆ. ರೋಸ್ ಮನೆಯಲ್ಲಿ ತಾಯಿಯನ್ನು ಯಾಕೆ ಅಷ್ಟು ಜೋರಾಗಿ ಎಳೆದರು ಅನ್ನುವುದು ಆವತ್ತು ಇಬ್ಬರಿಗೂ ಅರ್ಥವಾಯಿತು. ತಾಯಿಗೂ ಹೇಳಿದರು. ಅವರು ಮಗಳಿಗೆ ಎರಡು ಮಾತು ಬೈದು, ಕೈಗೆ ಎಣ್ಣೆ ತಿಕ್ಕಲು ಹೇಳಿದರಂತೆ.

ಇನ್ನೊಂದು ಭಾರ ಇತ್ತು. ಅಷ್ಕೆಲೋನ್‌ವರೆಗೂ ಗಾಜಾದಲ್ಲಿ ಬೀಳುವ ಬಾಂಬಿನ ಸದ್ದು ಕೇಳುತ್ತದೆ. "ನಮಗೆ ಸೈರನ್ ಆದ್ರೂ ಇತ್ತು, ಆಚೆ ಕಡೆಯವರಿಗೆ ಅದೂ ಇಲ್ಲ. ನಾನು ಅಳುದು ಸರಿಯಾ?" ಅಂತ ಕೇಳಿದರು. ಅವರ ಸಂಕಟ ದೊಡ್ಡದು ಅಂದ ಮಾತ್ರಕ್ಕೆ ನಿಮ್ಮ ನಿದ್ದೆ ವಾಪಸ್ ಬರುವುದಿಲ್ಲ, ನಿಮ್ಮ ಅಳುವಿನಿಂದ ಅವರದ್ದು ಕಡಿಮೆಯೂ ಆಗುವುದಿಲ್ಲ ಅಂದೆ. ನೆಂಟರಿಷ್ಟರು ಬಂದಾಗಲೆಲ್ಲ ಯಾರದು ತಪ್ಪು ಅನ್ನುವ ವಾದ ಶುರುವಾಗಿ, "ನೀನು ಕಂಡವಳಲ್ಲ, ಹೇಳು" ಅಂತ ಇವರನ್ನು ಸಾಕ್ಷಿಗೆ ನಿಲ್ಲಿಸುತ್ತಿದ್ದರು. ಅದಕ್ಕೆ ಒಂದು ವಾಕ್ಯ ತಯಾರು ಮಾಡಿಕೊಂಡೆವು: "ನಾನು ಅಲ್ಲಿ ಅಜ್ಜಿಯನ್ನು ನೋಡ್ಲಿಕ್ಕೆ ಇದ್ದದ್ದು." ಇಷ್ಟು ಹೇಳಿ ಅಡಿಗೆಮನೆಗೆ ಹೋಗಬೇಕು. ಆ ವಾಕ್ಯ ಚೆನ್ನಾಗಿ ಕೆಲಸ ಮಾಡಿದೆ.

ಹೊರದೇಶದ ಯುದ್ಧದಿಂದ ಬಂದವರು ಮನೆಯಲ್ಲಿ ಇದ್ದರೆ ಕತೆ ಕೇಳಲು ಅವಸರ ಮಾಡಬೇಡಿ, ಊಟ ನಿದ್ದೆ ಗಮನಿಸಿ. ಹಿಂದಿನಿಂದ ಬಂದು ಮುಟ್ಟಬೇಡಿ, ಹೆಸರು ಕರೆದು ಹತ್ತಿರ ಬನ್ನಿ. ತಿಂಗಳಾದರೂ ಇಳಿಯದಿದ್ದರೆ, ಅಥವಾ ಬದುಕೇ ಬೇಡ ಅನ್ನುವ ಮಾತು ಬಂದರೆ ಕೂಡಲೇ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

ವಾಪಸ್ ಹೋಗುವ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಮರಳಿ ಹೋಗುವ ವೀಸಾಕ್ಕೆ ಗಡುವು ಇರುತ್ತದೆ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಗಡಿಬಿಡಿ. ತಾಯಿಗೆ ಬೇಡವೇ ಬೇಡ. ಅಣ್ಣ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನೆ ಸಾಲದ ಕಂತು ಮುಗಿದಿಲ್ಲ. ಹೋಗಿ ಅಂತಲೋ ಬೇಡ ಅಂತಲೋ ಹೇಳುವುದು ನನ್ನ ಕೆಲಸ ಅಲ್ಲ. ಸಾಲ ಎಷ್ಟು, ಇಲ್ಲೇ ಕೆಲಸ ಸಿಕ್ಕಿದರೆ ಎಷ್ಟು ಬರುತ್ತದೆ ಅನ್ನುವುದನ್ನು ಅಣ್ಣ ಕಾಗದದ ಮೇಲೆ ಬರೆದು ತರಬೇಕು ಅಂತ ಹೇಳಿದ್ದೇನೆ. ಲೀನಾ ತಮ್ಮ ಕಡೆಯಿಂದ ಅಜ್ಜಿಯ ಮಗನಿಗೆ ಮೂರು ಷರತ್ತು ಬರೆದು ಕಳಿಸಿದ್ದಾರೆ: ಮಮಾದ್ ಇರುವ ಮನೆಗೆ ಬದಲಾಗಬೇಕು, ಅದು ಆಗುವ ತನಕ ಅಜ್ಜಿಯ ಮಂಚ ಕಿಟಕಿ ಇಲ್ಲದ ಒಳ ಕಾರಿಡಾರಿಗೆ ಬರಬೇಕು, ವಾರದಲ್ಲಿ ಒಂದು ರಾತ್ರಿ ಮಗನೇ ಬಂದು ತಾಯಿಯ ಹತ್ತಿರ ಮಲಗಬೇಕು. ಮಂಚ ಸರಿಸಿದ್ದಾಗಿದೆ ಅಂತ ಫೋಟೋ ಬಂದಿದೆ. ಉಳಿದ ಎರಡಕ್ಕೆ ಉತ್ತರ ಬಂದಿಲ್ಲ.